ಗಿಡುಗನಗುಡ್ಡದ ದಾರಿಗೆ ಬಿದ್ದ ಬೀಗ

ನಾನು ಒಂದು ಕಬ್ಬಿಣದ ಗೇಟು. ಗೇಟು ಅಂದರೆ ಮುಚ್ಚುವುದಕ್ಕೇ ಇರುವುದು ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಟ್ಟಿದಾಗ ನನಗೆ ಕದವೇ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ಇಮಾಮಸಾಬ ನದಾಫರ ವೆಲ್ಡಿಂಗ್ ಅಂಗಡಿ ಇದೆ. ನಗರಸಭೆಯವರು ಅಗೆದು ತೆಗೆದ ಹಳೆಯ ನೀರಿನ ಪೈಪುಗಳನ್ನು ಬಾಗಿಸಿ, ಬೆಸೆದು ನನ್ನನ್ನು ಮಾಡಿದವರು ಅವರೇ. ನಾನು ಗಿಡುಗನಗುಡ್ಡದ ಕಾಲುದಾರಿ ಶುರುವಾಗುವಲ್ಲಿ ನಿಲ್ಲಬೇಕಿತ್ತು. ಮನುಷ್ಯರು ನನ್ನೊಳಗೆ ತಿರುಗಿ ದಾಟಬೇಕು, ಬೈಕು ಮಾತ್ರ ದಾಟಬಾರದು. ಪೋಕರಿಗಳು ಬೈಕು ಹತ್ತಿಸಿ ಹತ್ತಿಸಿ ಆ ದಾರಿ ಕೊರಕಲು ಬಿದ್ದಿತ್ತು. ಮಳೆ ಬಂದರೆ ಅದೇ ಹಳ್ಳ.

ಅಳತೆ ಕೊಡಲು ಬಂದವಳು ಗುಡ್ಡದ ಕೆಳಗಿನ ಓಣಿಯಲ್ಲಿ ಖಾನಾವಳಿ ನಡೆಸುವ ದೇವಕ್ಕ ಬಾರಕೇರ. ದಪ್ಪ ಮೈಯ ಹೆಂಗಸು.

"ನಾ ದಾಟಿದ್ರ ಊರಾಗಿನ ಎಲ್ಲಾರೂ ದಾಟತಾರ ಕಾಕಾ. ನನ್ನ ಅಳತಿನ ತಗೋರಿ" ಎಂದು ಪೈಪುಗಳ ನಡುವೆ ನಿಂತಳು.

"ಹೊಟ್ಟಿ ಒಳಗ ಎಳಕೊಂಡು ನಿಂತ್ರ ಅಳತಿ ಹೆಂಗ ಸಿಗತೈತಿ ತಂಗಿ? ಉಸರು ಬಿಡು" ಎಂದರು ನದಾಫರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ದಾರಿ ಸರಿಪಡಿಸಲು ಮಾಡಿಕೊಂಡ ಒಪ್ಪಂದ ಸರಳವಾಗಿತ್ತು. ಕಲ್ಲು, ಟ್ರ್ಯಾಕ್ಟರು, ಗುದ್ದಲಿ ನಗರಸಭೆಯದು, ದುಡಿಮೆ ಓಣಿಯವರದು. ಆದಿತ್ಯವಾರ ಬೆಳಿಗ್ಗೆ ಜನ ನನ್ನನ್ನು ದಾಟಿ ಮೇಲೆ ಹೋಗುತ್ತಿದ್ದರು. ನಗರಸಭೆಯ ಕಿರಿಯ ಎಂಜಿನಿಯರ್ ಹನಮಂತ ವಾಲೀಕಾರರು ಅಂಗಿಯ ತೋಳು ಮಡಚಿ ಕಲ್ಲಿಗೆ ತಾವೂ ಒಂದು ಕೈ ಹಚ್ಚುತ್ತಿದ್ದರು. ಮಳೆನೀರು ದಾರಿ ಹಿಡಿಯದೆ ಪಕ್ಕದ ಬಂಡೆಗಳ ಕಡೆಗೆ ಹರಿಯಲಿ ಎಂದು ದಾರಿಗೆ ಅಡ್ಡಲಾಗಿ ಕಾಲುವೆ ತೋಡಿದರು. ಮಳೆಗಾಲಕ್ಕೆ ಮುಂಚೆ ಅದರ ಎಲೆ, ಹೂಳು ತೆಗೆಯುವುದು ವರ್ಷವರ್ಷದ ಕೆಲಸವಾಯಿತು.

ಆಮೇಲೆ ಹೊಸ ಪೌರಾಯುಕ್ತರು ಬಂದರು. ಒಂದು ದಿನ ಅವರ ಆದೇಶ ಹಿಡಿದು ಯಾರೋ ಬಂದು ನನಗೆ ಕದ ಬೆಸೆದರು. ಎರಡೂ ಬದಿಗೆ ಮುಳ್ಳುತಂತಿ ಎಳೆದರು. ಬೀಗ ಹಾಕಿ, ನನ್ನ ಎದೆಗೆ ಬೋರ್ಡು ಕಟ್ಟಿದರು: "ದಾರಿ ನಿರ್ವಹಣೆಯಲ್ಲಿದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ."

ನಿರ್ವಹಣೆಯಂತೆ! ಒಂದು ಪೊರಕೆಯೂ ನನ್ನನ್ನು ದಾಟಿ ಒಳಗೆ ಹೋಗಲಿಲ್ಲ. ನಿರ್ವಹಣೆ ಮಾಡುತ್ತಿದ್ದವರು ಗುದ್ದಲಿ ಹಿಡಿದು ಹೊರಗೆ ನಿಂತಿದ್ದರು. ದೇವಕ್ಕ ಕಚೇರಿಗೆ ಹೋಗಿ ಕೇಳಿ ಬಂದಳು. "ಗುತ್ತಿಗೆ ಕೊಡ್ತೀವಿ, ನೀವು ಕೈ ಹಾಕಬ್ಯಾಡ್ರಿ ಅಂದ್ರು" ಎಂದು ಜನರಿಗೆ ಹೇಳಿದಳು. ಗುತ್ತಿಗೆದಾರ ಬರಲಿಲ್ಲ. ಮಳೆಗಾಲ ಬಂತು.

ಒಂದು ಆದಿತ್ಯವಾರ ಮಧ್ಯಾಹ್ನ ಆಕಾಶವೇ ಹರಿದು ಬಿದ್ದಂಥ ಮಳೆ. ಹೂಳು ತುಂಬಿದ ಕಾಲುವೆ ಉಕ್ಕಿತು. ನೀರು ದಾರಿ ಹಿಡಿದು, ಕಲ್ಲುಮಣ್ಣು ಹೊತ್ತು, ನನ್ನ ಕಾಲುಗಳ ನಡುವೆ ನುಗ್ಗಿ ಓಣಿಗೆ ಇಳಿಯಿತು. ಜನ ಗುದ್ದಲಿ ಹಿಡಿದು ಓಡಿ ಬಂದರು. ನಗರಸಭೆ ಅಲ್ಲಿಟ್ಟಿದ್ದ ಕಾವಲುಗಾರನ ಹತ್ತಿರ ಕೀಲಿ ಇರಲಿಲ್ಲ. ಅದು ಕಚೇರಿಯಲ್ಲಿತ್ತು, ಕಚೇರಿಗೆ ರಜೆ. ವಾಲೀಕಾರರು ತೊಯ್ದು ತೊಪ್ಪೆಯಾಗಿ ಬಂದು ಫೋನಿನ ಮೇಲೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ.

"ಕಾಕಾ, ಗ್ಯಾಸ್ ಕಟರ್ ತರ್ರಿ. ಕೊಯ್ರಿ ಇದನ್ನ" ಎಂದು ವಾಲೀಕಾರರು ನದಾಫರಿಗೆ ಹೇಳಿದರು.

"ಸರಕಾರಿ ಮಾಲು ಅಲ್ರೀ ಸಾಹೇಬ್ರ?" ನದಾಫರು ಹಿಂದೆಮುಂದೆ ನೋಡಿದರು.

"ಕೆಳಗ ಮಂದಿ ಅದಾರ. ನಾ ಹೇಳೀನಿ, ಕೊಯ್ರಿ!"

ನನ್ನನ್ನು ಮಾಡಿದ ಕೈಯೇ ನನ್ನನ್ನು ಕೊಯ್ದಿತು. ಕದ ಬಿದ್ದಾಗ ನನಗೆ ನೋವಾಗಲಿಲ್ಲ, ಉಸಿರು ಬಂದಂತಾಯಿತು. ಜನ ಮೇಲೆ ಓಡಿದರು. ಕಾಲುವೆ ಬಿಡಿಸಿದ ಮೇಲೆ ನೀರು ಬಂಡೆಗಳ ಕಡೆ ತಿರುಗಿತು. ಆದರೆ ಅಷ್ಟರಲ್ಲಿ ಫಕೀರವ್ವ ಎಂಬ ಮುದುಕಿಯ ಮನೆಯ ಗೋಡೆ ಕುಸಿದು, ಅವಳ ಕಾಲು ಮುರಿದಿತ್ತು.

ಮರುದಿನ ದೂರು ದಾಖಲಾಯಿತು. ಕಾಲು ಮುರಿದದ್ದಕ್ಕಲ್ಲ, ಗೇಟು ಮುರಿದದ್ದಕ್ಕೆ! ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದರೆಂದು ಜನರ ಮುಂದಾಳು ದೇವಕ್ಕ, ಕೊಯ್ದ ನದಾಫರ ಮೇಲೆ ಕೇಸು. ವಾಲೀಕಾರರಿಗೆ ಅಮಾನತು. ನನ್ನನ್ನು ಕಿತ್ತು ಪೊಲೀಸ್ ಠಾಣೆಯ ಹಿತ್ತಲಿಗೆ ತಂದು, ಜಪ್ತಾದ ಮರಳು ಲಾರಿಯ ಪಕ್ಕ ಒಗೆದರು.

ಓಣಿಯ ಜನ ಸುಮ್ಮನಿರಲಿಲ್ಲ. ಫಕೀರವ್ವನನ್ನು ಕುರ್ಚಿಯಲ್ಲಿ ಹೊತ್ತು ತಂದು ನಗರಸಭೆಯ ಮುಂದೆ ಕೂತರು. ಸದಸ್ಯರು ಆ ಕಾಲನ್ನು ನೋಡಿ ತಲೆ ತಗ್ಗಿಸಿದರು. ದಾರಿ ಮತ್ತೆ ನಗರಸಭೆ, ಓಣಿ ಎರಡರ ಕೈಗೂ ಬಂತು. ವಾಲೀಕಾರರು ಕೆಲಸಕ್ಕೆ ಮರಳಿದರು. ಈಗ ಆದಿತ್ಯವಾರ ಕಲ್ಲಿನ ಟ್ರ್ಯಾಕ್ಟರು ಠಾಣೆಯ ಮುಂದೆಯೇ ಹೋಗುತ್ತದೆ. ಅದರ ಮೇಲೆ ಕೂತವರ ಹರಟೆ ನನಗೆ ಕೇಳಿಸುತ್ತದೆ.

ಕೇಸು ಮಾತ್ರ ಮುಗಿದಿಲ್ಲ. ದೇವಕ್ಕ ಒಲೆ ಆರಿಸಿ, ನದಾಫರು ಅಂಗಡಿ ಮುಚ್ಚಿ ಇಂದಿಗೂ ಕೋರ್ಟಿಗೆ ಅಲೆಯುತ್ತಾರೆ. ನನಗೆ ತುಕ್ಕು ಹಿಡಿದಿದೆ, ಕೊರಳಿಗೆ ಒಂದು ಚೀಟಿ ಕಟ್ಟಿದ್ದಾರೆ. ನಾನು ಸಾಕ್ಷ್ಯವಂತೆ. ಹಾಗಾದರೆ ನನ್ನನ್ನು ಕಟಕಟೆಗೆ ಕರೆಯಿರಿ. ಕದ ಕೊಯ್ದವರು ಯಾರೆಂದು ಕೇಳಬೇಡಿ, ಅದು ಊರಿಗೇ ಗೊತ್ತು. ಬೀಗ ಹಾಕಿದವರು ಯಾರೆಂದು ಕೇಳಿ.