ಎಂಟುನೂರು ಕುದುರೆಯ ಅಳಿಯ

ನನ್ನ ಅಳಿಯ ಡ್ವೇನ್ ಹೊಸ ಕಾರು ತಂದು ಮನೆ ಮುಂದೆ ಗುರುಗುಟ್ಟಿಸಿದ ದಿನ ನಮ್ಮ ಬೀದಿಯ ನಾಯಿಗಳೆಲ್ಲ ಮಂಚದ ಕೆಳಗೆ ಸೇರಿಕೊಂಡವು. ಎಂಟುನೂರು ಕುದುರೆಯ ಶಕ್ತಿಯಂತೆ. ಅಷ್ಟು ಕುದುರೆಗೆ ಮೇವು ಹಾಕಲು ಇಡೀ ಓಹಾಯೋದ ಹುಲ್ಲು ಬೋಳಿಸಿದರೂ ಸಾಲದು.

ನನ್ನದು ಅರವತ್ತೊಂಬತ್ತನೇ ಇಸವಿಯ ಹಸಿರು ಪೊಂಟಿಯಾಕ್. ಮುನ್ನೂರೈವತ್ತು ಕುದುರೆ, ಅದರಲ್ಲಿ ಐವತ್ತು ಈಗ ಕುಂಟುತ್ತಿರಬಹುದು. ನನ್ನ ಗಂಡ ಚೆಸ್ಟರ್ ಅದನ್ನು ಕೊಂಡಾಗ ನಾವಿಬ್ಬರೂ ಆ ಕಾರಿನ ಎಂಜಿನ್ ಜೋಡಿಸುವ ಕಾರ್ಖಾನೆಯಲ್ಲೇ ಇದ್ದೆವು. ನನಗೆ ಹತ್ತೊಂಬತ್ತು. ದಿನಕ್ಕೆ ನೂರಾರು ಎಂಜಿನ್ ನನ್ನ ಕೈ ದಾಟಿ ಹೋಗುತ್ತಿದ್ದವು. ಈ ಕಾರಿನ ಎಂಜಿನ್ನೂ ನಾನೇ ಮುಟ್ಟಿದ್ದು ಎಂದು ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅಲ್ಲ ಎಂದು ಯಾರೂ ತೋರಿಸಿಲ್ಲ.

ಕಾರು ನನ್ನದಾದರೂ ಅದರ ರಿಪೇರಿ ಅಳಿಯನ ಕೈಯಲ್ಲಿದೆ. ಹೋದ ಭಾನುವಾರ ಊಟಕ್ಕೆ ಕೂತಾಗ ಅವನು ಶುರು ಮಾಡಿದ.

"ಅಮ್ಮ, ಆ ಹಳೇ ಎಂಜಿನ್ನು ಎಣ್ಣೆ ಕುಡೀತಿದೆ, ಹೊಗೆ ಬಿಡ್ತಿದೆ. ಕಿತ್ತಾಕಿ ಹೊಸದು ಕೂರಿಸ್ತೀನಿ. ಹೊರಗಿಂದ ಅದೇ ಕಾರು, ಒಳಗೆ ಐನೂರು ಕುದುರೆ."

"ನಿಮ್ಮ ಮಾವನೂ ಕೊನೆಕೊನೆಗೆ ಎಣ್ಣೆ ಕುಡಿದು ಹೊಗೆ ಬಿಡ್ತಿದ್ರು. ಅವರನ್ನ ಕಿತ್ತಾಕಿ ಹೊಸಬನ್ನ ಕೂರಿಸಿದ್ನಾ ನಾನು?"

ಮಗಳು ಕಾರ್ಲಾಳ ಮೂಗಿಗೆ ಸೂಪು ನುಗ್ಗಿತು. ಡ್ವೇನ್ ನಗಲಿಲ್ಲ. ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

"ಹಾಗಾದ್ರೆ ಶನಿವಾರ ರೇಸಿಗೆ ಬನ್ನಿ. ನೀವು ಗೆದ್ರೆ ಅದೇ ಎಂಜಿನ್ನು ಬಿಚ್ಚಿ, ಸವೆದಿದ್ದು ಬದಲಿಸಿ, ಅದನ್ನೇ ಕೂರಿಸ್ತೀನಿ, ಮತ್ತೆ ಬಾಯಿ ಬಿಡಲ್ಲ. ನಾನು ಗೆದ್ರೆ ಸೋಮವಾರ ಅದು ಗುಜರಿಗೆ."

"ಆಯ್ತು," ಎಂದೆ. ಹೇಳಿದ ಮೇಲೆ ಹೊಳೆಯಿತು. ಆ ಎಂಜಿನ್ ಹೋದರೆ ನನಗೆ ಉಳಿಯುವುದು ಹಸಿರು ಬಣ್ಣದ ತಗಡು ಮಾತ್ರ.

ಕಾಲು ಮೈಲಿ ನೇರ ಓಡಿದರೆ ಮುದುಕಿ ಗೆಲ್ಲುವುದುಂಟೇ? ಆದರೆ ನಮ್ಮ ಶನಿವಾರದ ರೇಸಿನ ಕಟ್ಟಳೆಯೇ ಬೇರೆ. ಓಡುವ ಮೊದಲೇ ನಿಮ್ಮ ಕಾರು ಎಷ್ಟು ಸೆಕೆಂಡಿಗೆ ಗೆರೆ ಮುಟ್ಟುತ್ತದೆ ಎಂದು ನೀವೇ ಬೂಟಿನ ಬಿಳಿ ಪಾಲಿಶ್‌ನಲ್ಲಿ ಗಾಜಿನ ಮೇಲೆ ಬರೆಯಬೇಕು. ಎರಡು ಕಾರಿನ ಅಂಕಿಗೆ ಎಷ್ಟು ಅಂತರವೋ ನಿಧಾನದ ಕಾರನ್ನು ಅಷ್ಟು ಮುಂಚೆ ಬಿಡುತ್ತಾರೆ. ಮೊದಲು ಮುಟ್ಟಿದವರಿಗೆ ಗೆಲುವು. ಆದರೆ ಬರೆದ ಅಂಕಿಗಿಂತ ಬೇಗ ಓಡಿದಿರೋ, ಮೊದಲು ಮುಟ್ಟಿದರೂ ಸೋಲು. ಕಾರಿನ ಶಕ್ತಿಗಿಂತ ಅದರ ಯಜಮಾನನ ಮಾತಿನ ತೂಕ ನೋಡುವ ಆಟ ಅದು.

ಶನಿವಾರ ಬಿಸಿಲು ಎಂಥದ್ದೆಂದರೆ ಕಾರಿನ ಬಾನೆಟ್ ಮೇಲೆ ಸಾಸೇಜ್ ಇಟ್ಟು ತಿರುಗಿಸಿದರೆ ಸಾಕು, ಬೆಂದುಹೋಗುತ್ತಿತ್ತು. ಕಾರುಗಳ ನಡುವೆ ಮಡಚುವ ಕುರ್ಚಿ ಹಾಕಿಕೊಂಡು ಮುದುಕರು, ಹುಡುಗರು ಎಂದಿನ ಜಗಳ ಹೂಡಿದ್ದರು.

"ಹೊಸ ಕಾರು ಓಡಿಸೋದು ಡ್ರೈವರಲ್ಲ, ಕಂಪ್ಯೂಟರ್," ಎಂದ ಲಮಾರ್. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲೇ ನಿಂತು ದುಡಿದವನು ಅವನು. "ನೀವು ಸುಮ್ನೆ ಕೂತಿರೋ ಮೂಟೆ."

"ಮೂಟೆಗಾದ್ರೂ ತಣ್ಣಗೆ ಗಾಳಿ ಬರುತ್ತೆ, ತಾತ," ಎಂದ ಡ್ವೇನನ ಗೆಳೆಯನೊಬ್ಬ. "ನಿಮ್ಮ ಕಾರಲ್ಲಿ ಬ್ರೇಕ್ ಒತ್ತಿದ್ರೆ ಅದು ನಿಲ್ಲೋಕೆ ಮುಂಚೆ ಹೆಂಡ್ತಿ ಹತ್ರ ಕೇಳ್ಕೊಂಡು ಬರುತ್ತೆ."

ಅದು ನಿಜವೇ, ನಾನು ಸುಳ್ಳು ಹೇಳುವುದಿಲ್ಲ. ಡ್ವೇನನ ಕಾರಿನಲ್ಲಿ ಒಂದು ಸಲ ಕೂತಿದ್ದೆ. ನಾನು ಮುಂದಿನ ಊರು ತಲುಪಿದ್ದೆ, ನನ್ನ ಹಲ್ಲಿನ ಸೆಟ್ಟು ಇನ್ನೂ ಹಿಂದಿನ ಸಿಗ್ನಲಿನಲ್ಲಿತ್ತು. ಒಳ್ಳೆಯ ಕಾರು. ಆದರೆ ಅದು ಓಡುವಾಗ ನನಗೆ ಏನನ್ನೂ ಹೇಳಲಿಲ್ಲ. ನನ್ನದು ಸ್ಟೀರಿಂಗಿನಿಂದ, ಸೀಟಿನಿಂದ, ಗೇರಿನ ಕೋಲಿನಿಂದ ಒಂದೇ ಸಮನೆ ಚಾಡಿ ಹೇಳುತ್ತಿರುತ್ತದೆ.

ನಾನು ಗಾಜಿನ ಮೇಲೆ ಹದಿನಾಲ್ಕು ಪಾಯಿಂಟ್ ಅರವತ್ತು ಎಂದು ಬರೆದೆ. ಡ್ವೇನ್ ಹನ್ನೊಂದು ಪಾಯಿಂಟ್ ಮೂವತ್ತು ಎಂದು ಬರೆದು, ಬೇಕೆಂದೇ ನನ್ನ ಪಕ್ಕದ ಸಾಲಿನಲ್ಲಿ ಬಂದು ನಿಂತ. ಮೊದಲ ಸುತ್ತಿಗೆ ನಾವಿಬ್ಬರೇ ಜೋಡಿ.

ಸಾಲು ಮುಂದೆ ಸರಿಯುತ್ತಿದ್ದಾಗ ಯಾರದೋ ಕಾರು ಎಣ್ಣೆ ಚೆಲ್ಲಿತು. ಅದನ್ನು ಒರೆಸಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಉತ್ತರದ ದೊಡ್ಡ ಸರೋವರದ ಕಡೆಯಿಂದ ಒಂದು ಮೋಡ ಬಂದು ಸೂರ್ಯನ ಮೇಲೆ ಕೂತಿತು. ನನ್ನ ಕುತ್ತಿಗೆಯ ಬೆವರು ತಣ್ಣಗಾಯಿತು. ಎಂಜಿನ್ನಿಗೆ ತಣ್ಣನೆ ಗಾಳಿ ಸಿಕ್ಕರೆ ಹಸಿದವನಿಗೆ ಮಾಂಸ ಸಿಕ್ಕ ಹಾಗೆ, ಇನ್ನಷ್ಟು ಬೇಗ ಓಡುತ್ತದೆ. ನಾನು ಕೆಳಗಿಳಿದು, ಕರ್ಚೀಫಿಗೆ ಉಗುಳು ಹಚ್ಚಿ, ಅರವತ್ತು ಅಳಿಸಿ ಐವತ್ತೆರಡು ಬರೆದೆ.

ಡ್ವೇನ್ ಕಿಟಕಿಯಿಂದ ಇಣುಕಿದ. "ಏನಮ್ಮ, ಮುದುಕಿಗೆ ಪ್ರಾಯ ಬಂತಾ?"

"ನೀನೂ ಬದಲಾಯಿಸ್ಕೊ, ಡ್ವೇನ್. ಗಾಳಿ ತಿರುಗಿದೆ."

ಮೋಸ ಮಾಡಿ ಗೆದ್ದೆ ಎಂದು ನಾಳೆ ಯಾರೂ ಅನ್ನಬಾರದೆಂದು ಎಲ್ಲರೂ ಕೇಳುವ ಹಾಗೆ ಕೂಗಿಯೇ ಹೇಳಿದೆ.

"ನನ್ನ ಕಾರು ಅದನ್ನೆಲ್ಲ ತಾನೇ ನೋಡ್ಕೊಳುತ್ತೆ," ಎಂದ.

"ನೋಡ್ಕೊಳುತ್ತೆ. ಬರೆಯೋಕೆ ಬರುತ್ತಾ ಅದಕ್ಕೆ?"

ಅವನ ಗೆಳೆಯರು ನಕ್ಕರು. ಅಲ್ಲಿಗೆ ಅವನು ಪಾಲಿಶ್ ಡಬ್ಬಿ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನು ಇನ್ನೂ ಒಂದು ಚುಚ್ಚಿದೆ. "ಕೊನೇಲಿ ಆಕ್ಸಿಲರೇಟರ್ ಮೇಲಿಂದ ಕಾಲು ಸ್ವಲ್ಪ ಎತ್ತಪ್ಪ. ನಿಮ್ಮ ಮಾವ ಯಾವಾಗ್ಲೂ ಎತ್ತೋರು."

"ನಾನ್ಯಾಕೆ ಎತ್ಲಿ?" ಎಂದು ಗಾಜು ಏರಿಸಿಕೊಂಡ.

ಹೊರಡುವ ಗೆರೆಯ ಬಳಿ ನಿಂತು ಒಂದನೇ ಗೇರು ಹಾಕಿದೆ. ಕಂಬದ ದೀಪಗಳು ಮೇಲಿಂದ ಕೆಳಗೆ ಒಂದೊಂದಾಗಿ ಹತ್ತಿದವು. ಹಳದಿ, ಹಳದಿ, ಹಳದಿ. ಹಸಿರು ಹತ್ತಿದ್ದೇ ತಡ, ನಾನು ಹೊರಟೆ. ಒಂದನೇ ಗೇರು ಕೂಗಿತು, ಎರಡು ಹಾಕಿದೆ. ಎಂಜಿನ್ನಿನ ಸದ್ದು ಕೇಳಿ ಕೆನಡಾದಲ್ಲಿ ಹಸುಗಳು ಹಾಲು ಕಟ್ಟಿಕೊಂಡಿರಬೇಕು. ಮೂರು. ಹಿಂದೆ ಇನ್ನೂ ಯಾರೂ ಇಲ್ಲ. ನಾಲ್ಕು.

ಆಗ ಬಂತು ಆ ಕೂಗು. ಆಕಾಶದ ಹೊಲಿಗೆ ಬಿಚ್ಚಿದ ಹಾಗೆ. ಕನ್ನಡಿಯಲ್ಲಿ ಬೊಟ್ಟಿನಷ್ಟಿದ್ದವನು ಕಣ್ಣು ಮಿಟುಕಿಸುವುದರಲ್ಲಿ ಎಮ್ಮೆಯಷ್ಟಾದ. ಎತ್ತಬೇಡ, ಎತ್ತಬೇಡ ಎಂದು ಹಲ್ಲು ಕಚ್ಚಿಕೊಂಡೆ. ನನಗೆ ಹೇಳಿಕೊಂಡೆನೋ ಅವನಿಗೆ ಹೇಳಿದೆನೋ ನೆನಪಿಲ್ಲ. ಗೆರೆ ಇನ್ನೇನು ಎರಡು ಮಾರು ಎನ್ನುವಾಗ ಅವನು ಸುಂಟರಗಾಳಿಯ ಹಾಗೆ ನನ್ನನ್ನು ದಾಟಿ ಹೋದ. ಹೋಗುತ್ತ ಕೈ ಬೇರೆ ಬೀಸಿದ.

ಆದರೆ ಫಲಕದ ಮೇಲೆ ಗೆಲುವಿನ ದೀಪ ಹತ್ತಿದ್ದು ನನ್ನ ಸಾಲಿನಲ್ಲಿ.

ನನ್ನದು ಹದಿನಾಲ್ಕು ಪಾಯಿಂಟ್ ಐವತ್ತಮೂರು. ಬರೆದದ್ದಕ್ಕಿಂತ ಒಂದೇ ಒಂದು ಕೂದಲು ನಿಧಾನ. ಅವನದು ಹನ್ನೊಂದು ಪಾಯಿಂಟ್ ಹದಿನೇಳು. ಅವನ ಕಾರು ಹುಟ್ಟಿದ ಮೇಲೆ ಅಷ್ಟು ಜೋರಾಗಿ ಓಡಿಯೇ ಇರಲಿಲ್ಲ.

ಡ್ವೇನ್ ಕಾಗದದ ಚೀಟಿ ಹಿಡಿದು ನನ್ನ ಕಿಟಕಿಗೆ ಬಂದ. "ನಾನೇ ಮೊದಲು ಬಂದಿದ್ದು!"

"ಬಂದೆ ಕಣಪ್ಪ. ನೀನು ಹೇಳಿದ್ದಕ್ಕಿಂತ ಮೊದಲೇ ಬಂದೆ."

ಅವನು ಚೀಟಿಯನ್ನು ತಿರುವಿ ಮುರುವಿ ನೋಡಿದ. ನನ್ನ ಗಾಜಿನ ಮೇಲಿನ ಐವತ್ತೆರಡನ್ನು ನೋಡಿದ. ಬಾನೆಟ್ ಮೇಲೆ ಅಂಗೈ ಊರಿದ. ಕೆಳಗೆ ಎಂಜಿನ್ ಕಟಕಟ ಎನ್ನುತ್ತ ಆರುತ್ತಿತ್ತು.

"ನೂರನೇ ಒಂದು ಸೆಕೆಂಡು," ಎಂದ. "ಮೋಡ ನೋಡಿ ಹೇಳಿದ್ರಾ?"

"ಕುತ್ತಿಗೆ ನೋಡಿ."

ಅವನು ತಲೆ ಕೆರೆದುಕೊಂಡು ಲಮಾರ್ ಕಡೆ ತಿರುಗಿದ. "ಅಂಕಲ್, ಈ ಎಂಜಿನ್ನಿನ ಪಿಸ್ಟನ್ ರಿಂಗು ಈಗ ಎಲ್ಲಿ ಸಿಗುತ್ತೆ? ಸೋಮವಾರಕ್ಕೆ ಬೇಕು."

ಲಮಾರ್ ಎದ್ದು ನಿಂತು ಟೋಪಿ ತೆಗೆದ. ಸತ್ತವರಿಗಲ್ಲದೆ ಅವನು ಟೋಪಿ ತೆಗೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಎರಡನೇ ಸುತ್ತಿನಲ್ಲಿ ನಾನು ಹಸಿರು ದೀಪ ಬರುವ ಮೊದಲೇ ನುಗ್ಗಿ, ತಪ್ಪಿನ ಕೆಂಪು ದೀಪ ಹತ್ತಿಸಿಕೊಂಡು, ಒಂದು ಹರಕು ಟ್ರಕ್ಕಿಗೆ ಸೋತೆ. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು ನನ್ನ ಅಳಿಯ. ಹೊಡೆಯಲಿ. ನಾನು ಸೋತರೂ ತಲೆ ಎತ್ತಿಕೊಂಡು, ಎರಡನೇ ಗೇರಿನಲ್ಲೇ, ಎಲ್ಲರಿಗೂ ಆ ಎಂಜಿನ್ ಚೆನ್ನಾಗಿ ಕೇಳಿಸುವ ಹಾಗೆ, ಅವರ ಮುಂದೆಯೇ ನಿಧಾನವಾಗಿ ಹಾದು ಬಂದೆ.