ಹದಿನೇಳನೆಯ ತಳಿ

ಬರ ತಾಳುವ ತಳಿ ಯಾವುದೆಂದು ನೋಡಲು ನೀರು ನಿಲ್ಲಿಸಿ ಇಪ್ಪತ್ತೈದು ದಿನವಾಗಿದ್ದ ಪ್ರಯೋಗದ ಹೊಲದಲ್ಲಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಸಂಶೋಧನಾ ಕೇಂದ್ರದ ಹೊಸ ಮುಖ್ಯಸ್ಥರು ಕೈಬಿಡಬೇಕಾದ ಗೋಧಿ ತಳಿಗಳಿಗೆ ಕೆಂಪು ಚೀಟಿ ಕಟ್ಟಿಸುತ್ತಿದ್ದರು. ಹದಿನೇಳನೆಯ ತಳಿಯ ಮುಂದೆ ಅವರು ನಿಂತಾಗ, ಅದನ್ನು ಎಂಟು ವರ್ಷ ಆರಿಸಿ ಬೆಳೆಸಿದವಳು ಬೇಗ ಬೇಗ ಹೆಜ್ಜೆ ಹಾಕಿ ಪಕ್ಕಕ್ಕೆ ಬಂದಳು. ಚೀಟಿ ಬಿದ್ದರೆ ಆ ಬೀಜವನ್ನು ಮತ್ತೆ ಬಿತ್ತುವಂತಿಲ್ಲ.

“ಏನಮ್ಮಾ ಇದು, ಎಲೆಯೆಲ್ಲ ಚಾಪೆ ಥರ ಸುತ್ಕೊಂಡಿದೆ! ಪಕ್ಕದ್ದು ನೋಡಿ, ಮದುಮಗಳ ಹಾಗೆ ನಳನಳಿಸ್ತಿದೆ.”

“ಬಿಸಿಲು ಹೊಡೆದ್ರೆ ನಾವು ಕಿಟಕಿ ಪರದೆ ಎಳ್ಕೊಳಲ್ವಾ ಸರ್? ಇದೂ ಅಷ್ಟೇ, ಒಳಗಿನ ನೀರು ಉಳಿಸ್ಕೊಳ್ತಿದೆ. ಬೆಳಿಗ್ಗೆ ಬನ್ನಿ, ಬಿಚ್ಕೊಂಡಿರುತ್ತೆ.”

“ಹೆತ್ತಮ್ಮನ ಮಾತು!” ಎಂದು ಅವರು ನಕ್ಕರು.

ಅಂಥ ನಗು ಅವಳಿಗೆ ಹೊಸದಲ್ಲ. ಮೊದಲಾದರೆ ತಲೆ ತಗ್ಗಿಸಿ, ಮನೆಗೆ ಹೋದ ಮೇಲೆ ಪಾತ್ರೆ ತೊಳೆಯುತ್ತ ಗೋಡೆಗೆ ಉತ್ತರ ಹೇಳುತ್ತಿದ್ದಳು. ಇಂದು ಗೋಡೆಯವರೆಗೆ ಕಾಯುವ ಮನಸ್ಸಾಗಲಿಲ್ಲ. ಎರಡೂ ತಳಿಗಳಿಂದ ಒಂದೊಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳುಗಳನ್ನು ಅವರ ಎರಡು ಕೈಗಳಿಗೆ ಬೇರೆಬೇರೆಯಾಗಿ ಸುರಿದಳು.

ಮದುಮಗಳ ಕಾಳು ಜೊಳ್ಳಾಗಿ ಸುಕ್ಕುಗಟ್ಟಿತ್ತು. ಹದಿನೇಳರದು ದುಂಡಗೆ, ಗಟ್ಟಿಯಾಗಿ ತುಂಬಿಕೊಂಡಿತ್ತು.

ಮುಖ್ಯಸ್ಥರು ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು. ಹಿಂದಿನ ಸಾಲುಗಳತ್ತ ತಿರುಗಿದಾಗ ಮುಖ ಸ್ವಲ್ಪ ಪೆಚ್ಚಾಗಿತ್ತು.

“ಹಾಗಾದ್ರೆ ಇಷ್ಟೊತ್ತು ಎಲೆ ನೋಡಿ ಕಟ್ಸಿದ ಚೀಟಿಗಳು?”

“ಬಿಚ್ಚೋಣ ಸರ್. ಒಂದೊಂದರ ತೆನೆನೂ ಉಜ್ಜಿ ನೋಡೋಣ,” ಎಂದು ಅವಳು ಅವರಿಗಿಂತ ಮುಂದಾಗಿ ಮೊದಲನೆಯ ಸಾಲಿಗೆ ಹೊರಟಳು.