ನಾಲ್ಕು ನಿಮಿಷದ ಅಂಗಿ

ಲಾಂಡ್ರಿಯಲ್ಲಿ ಅಪ್ಪನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ನಾಲ್ಕು ನಿಮಿಷ’ ಎಂದರೆ ಸಾಕಿತ್ತು. ಕಾಲರಿನಿಂದ ಹಿಡಿದು ಕೊನೆಯ ಗುಂಡಿಯವರೆಗೆ ಒಂದು ಅಂಗಿಯನ್ನು ನಾಲ್ಕೇ ನಿಮಿಷದಲ್ಲಿ ಇಸ್ತ್ರಿ ಮಾಡಿ ಮುಗಿಸುವವನು ಆ ಹಬೆ ತುಂಬಿದ ಹಜಾರದಲ್ಲಿ ಅವನೊಬ್ಬನೇ. ಇಪ್ಪತ್ತಾರು ವರ್ಷ ಹೋಟೆಲಿನ ಹೊದಿಕೆಗಳು, ಆಸ್ಪತ್ರೆಯ ಬಿಳಿ ಕೋಟುಗಳು, ಯಾರ್ಯಾರದೋ ಮದುವೆಯ ಅಂಗಿಗಳು, ಎಲ್ಲ ಅವನ ಕೈ ದಾಟಿಯೇ ಹೋದವು. ಕೊನೆಯ ಹತ್ತು ವರ್ಷ ಅವನೇ ಮೇಸ್ತ್ರಿ. ಹೊಸಬರು ಒಂದು ಅಂಗಿಗೆ ಹತ್ತು ನಿಮಿಷ ತೆಗೆದುಕೊಂಡರೆ, “ನೀನು ಮಡಚೋ ಮೇಜಿಗೆ ಹೋಗಪ್ಪ, ಅಲ್ಲಿ ಆಮೆಗಳಿಗೂ ಜಾಗ ಇದೆ” ಎಂದು ಅಟ್ಟಿಬಿಡುತ್ತಿದ್ದ. ತೋಳಿನ ಮೇಲೆ ಒಂದು ಗೆರೆ ಬೀಳಬೇಕಾದಲ್ಲಿ ಎರಡು ಬಿದ್ದರಂತೂ ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಾಡುತ್ತಿದ್ದ.

ಆ ಹಬೆಯೋ, ಗಂಜಿಪುಡಿಯೋ, ಕಲೆ ತೆಗೆಯುವ ಔಷಧಿಯೋ, ಯಾವುದು ಕಾರಣ ಎಂದು ಯಾರೂ ಬರೆದುಕೊಡಲಿಲ್ಲ. ಅವನ ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತ ಬಂತು. “ಇದು ವಾಪಸ್ ಮೆತ್ತಗಾಗಲ್ಲ. ಇನ್ನು ಆ ಹಬೇಲಿ ನಿಂತ್ರೆ ನನ್ನ ಹತ್ರ ಬರೋ ಅಗತ್ಯಾನೂ ಇರಲ್ಲ” ಎಂದರು ಡಾಕ್ಟರು. ಅಪ್ಪ ಮನೆಯಲ್ಲಿ ಕೂತ. ಕಾಯಿಲೆ ಭತ್ಯೆ ಮಂಜೂರಾಯಿತು. ಎರಡು ಕೋಣೆಯ ಮನೆಯ ಬಾಡಿಗೆ, ಮೂಲೆಯಲ್ಲಿ ಗುರುಗುಡುವ ಆಕ್ಸಿಜನ್ ಯಂತ್ರ, ಎರಡೂ ಅದರ ಮೇಲೆಯೇ ನಿಂತಿದ್ದವು. ಮಗಳು ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದಳು. ಅವಳ ಸಂಬಳ ಊಟಕ್ಕೆ ಸರಿಹೋಗುತ್ತಿತ್ತು.

ಎರಡು ವರ್ಷ ತುಂಬುತ್ತಿದ್ದಂತೆ ಭತ್ಯೆ ಕೊಡುವ ಸರ್ಕಾರಿ ಕಚೇರಿಯಿಂದ ಮರುಪರೀಕ್ಷೆಯ ಪತ್ರ ಬಂತು. ಜೊತೆಗೆ ನಲವತ್ತೆರಡು ಪುಟದ ನಿಯಮಗಳ ಪುಸ್ತಿಕೆ. ಅದೊಂದು ಕಬ್ಬಿಣದ ಕಡಲೆ. ಮಗಳು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ದೀಪ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಅದನ್ನು ಅಗಿದಳು. ಅಗಿದು ಅಗಿದು ಕೊನೆಗೆ ಇಷ್ಟು ತಿಳಿಯಿತು: ಒಬ್ಬ ಅಧಿಕಾರಿ ಪ್ರಶ್ನೆ ಕೇಳಿ, ಮಾಡಲಾಗದ ಒಂದೊಂದು ಕೆಲಸಕ್ಕೂ ಅಂಕ ಕೊಡುತ್ತಾನೆ. ಹದಿನೈದು ಬಂದರೆ ರೋಗಿ. ಹದಿನಾಲ್ಕಾದರೆ ಕೆಲಸಕ್ಕೆ ಯೋಗ್ಯ. ಯೋಗ್ಯನಾದವನು ಕಚೇರಿ ತೋರಿಸಿದ ಕೆಲಸವನ್ನು ವಾರಕ್ಕೆ ಮೂವತ್ತು ಗಂಟೆ ಮಾಡಬೇಕು. ಮಾಡದಿದ್ದರೆ ಎಲ್ಲ ಬಂದ್. ಮತ್ತು ಕಚೇರಿ ಮೊದಲು ತೋರಿಸುವುದು, ಅವನಿಗೆ ಬರುವ ಕೆಲಸವನ್ನೇ.

ಅಪ್ಪನಿಗೆ ಬರುವ ಕೆಲಸ ಒಂದೇ.

ಹದಿನೈದು ದಿನ ಅವಳು ಅಪ್ಪನಿಗೆ ಪಾಠ ಹೇಳಿದಳು. “ಹೇಗಿದ್ದೀರಾ ಅಂತ ಕೇಳ್ತಾರೆ. ಚೆನ್ನಾಗಿದೀನಿ ಅನ್ನಬೇಡ.”

“ಮತ್ತೇನಂತ ಹೇಳಲಿ ಪುಟ್ಟಿ? ಸತ್ತಿದೀನಿ ಅನ್ನಲಾ?”

“ಇರು, ಅದಕ್ಕೆಷ್ಟು ಅಂಕ ಅಂತ ನೋಡ್ತೀನಿ.”

ಅಪ್ಪ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಯಂತ್ರದ ಕೊಳವೆ ಮೂಗಿಗೆ ಬೇಕಾಯಿತು. ಅವಳ ವಯಸ್ಸು ಮೂವತ್ತೊಂದು. ಇನ್ನೂ ಪುಟ್ಟಿಯೇ.

ಪರೀಕ್ಷೆ ಸೋಮವಾರ. ಅಪ್ಪ ಶುಕ್ರವಾರ ಬೆಳಿಗ್ಗೆಯೇ ತನ್ನ ಬಿಳಿ ಅಂಗಿ ತೆಗೆದು ಮೇಜಿನ ಮೇಲೆ ಹಾಸಿದ. ಕಾಲರ್ ಮುಗಿಯುವಷ್ಟರಲ್ಲಿ ತುಟಿ ನೀಲಿಗಟ್ಟಿತು. ಕೂತ, ಕೊಳವೆ ಹಾಕಿಕೊಂಡ, ಮಧ್ಯಾಹ್ನ ಎದ್ದು ಭುಜದ ಪಟ್ಟಿ ಮಾಡಿದ. ಶನಿವಾರ ಎರಡು ತೋಳು, ಬೆಳಿಗ್ಗೆ ಒಂದು, ಸಂಜೆ ಒಂದು. ಭಾನುವಾರ ಬೆನ್ನು ಮತ್ತು ಎದೆ.

“ಕೊಡಪ್ಪ, ನಾನು ಮಾಡ್ತೀನಿ” ಎಂದಳು ಮಗಳು.

“ನೀನಾ? ನೀನು ಹೋಗಿ ಗಾಜು ಒರೆಸು.” ಅವನ ಮನೆಯಲ್ಲಿ ಅವನ ಇಸ್ತ್ರಿ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ. ಸತ್ತ ಹೆಂಡತಿಯೂ ಮುಟ್ಟಿರಲಿಲ್ಲ. “ದೊಡ್ಡ ಕಚೇರಿಗೆ ಸುಕ್ಕು ಅಂಗಿ ಹಾಕ್ಕೊಂಡು ಹೋದ್ರೆ ನನ್ನನ್ನ ಯಾರು ಅಂತ ತಿಳ್ಕೋತಾರೆ?”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವಳು ಗೊಣಗಿದಳು. ನಲವತ್ತೆರಡು ಪುಟ ಓದಿದವಳಿಗೆ ಆ ಅಂಗಿ ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ತಾನೇ ನೋಡುತ್ತಾರೆ?

ಪರೀಕ್ಷೆ ಮಾಡಿದವನು ಎಳೆಯ ವಯಸ್ಸಿನ ಅಧಿಕಾರಿ, ಮಾತಿನಲ್ಲಿ ಮರ್ಯಾದೆಯಿತ್ತು. ಮಗಳು ಹೇಳಿಕೊಟ್ಟಿದ್ದನ್ನೆಲ್ಲ ಅಪ್ಪ ಸರಿಯಾಗಿ ಹೇಳಿದ. ಇಪ್ಪತ್ತು ಹೆಜ್ಜೆಗೆ ನಿಲ್ಲಬೇಕು. ಮೆಟ್ಟಿಲು ಆಗಲ್ಲ. ಸ್ನಾನಕ್ಕೆ ಸ್ಟೂಲು ಬೇಕು. ಪಕ್ಕದಲ್ಲಿ ಕೂತ ಮಗಳು ಮನಸ್ಸಿನಲ್ಲೇ ಅಂಕ ಕೂಡುತ್ತಿದ್ದಳು, ಹದಿನೇಳಕ್ಕೆ ಬಂದಿದ್ದಳು. ಕಂಪ್ಯೂಟರ್ ಮುಚ್ಚುವ ಮೊದಲು ಅಧಿಕಾರಿ ಅಪ್ಪನನ್ನೇ ನೋಡಿದ.

“ಅಂಗಿ ಬಹಳ ಚೆನ್ನಾಗಿದೆ. ಯಾರು ಇಸ್ತ್ರಿ ಮಾಡಿದ್ದು?”

“ನಾನೇ” ಎಂದ ಅಪ್ಪ. ಎರಡು ವರ್ಷದಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ಮಗಳು ಕಂಡಿರಲಿಲ್ಲ.

ಮೂರು ವಾರಕ್ಕೆ ಪತ್ರ ಬಂತು. ‘ಅರ್ಜಿದಾರರು ಅಚ್ಚುಕಟ್ಟಾದ ಉಡುಪಿನಲ್ಲಿದ್ದರು. ಅದನ್ನು ಸ್ವತಃ ಇಸ್ತ್ರಿ ಮಾಡಿದ್ದಾಗಿ ತಿಳಿಸಿದರು. ಇದರಿಂದ ನಿಲ್ಲುವ, ಕೈ ಚಾಚುವ ಹಾಗೂ ಭಾರ ಹಿಡಿಯುವ ಸಾಮರ್ಥ್ಯ ಕಂಡುಬರುತ್ತದೆ.’ ಅಂಕ: ಆರು.

ಮಗಳು ಅಂದು ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತಳು. ಅಪ್ಪನ ಮೇಲೆ ಸಿಟ್ಟು, ಆ ಮರ್ಯಾದಸ್ಥ ಹುಡುಗನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ಅವಳು ಪುಸ್ತಿಕೆಯನ್ನು ಪರಚಿದಳು. ಹಾಗೆ ಮತ್ತೆ ಮೊದಲಿನಿಂದ ಓದುವಾಗಲೇ ಮೂವತ್ತೊಂದನೆಯ ಪುಟದ ಕೆಳಗಿನ ಸಣ್ಣಕ್ಷರ ಸಿಕ್ಕಿತು. ‘ಆರೋಗ್ಯವಂತರಿಗೆ ಬೇಕಾಗುವ ಸಮಯದ ಎರಡು ಪಟ್ಟಿಗಿಂತ ಹೆಚ್ಚು ಸಮಯ ತಗಲಿದರೆ, ಆ ಕೆಲಸವನ್ನು ಮಾಡಲಾರರು ಎಂದೇ ಪರಿಗಣಿಸತಕ್ಕದ್ದು.’

ಅವಳು ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದಳು. ನಿಯಮ ಅಪ್ಪನ ಕಡೆಗೇ ಇತ್ತು! ಒಂದು ಅಂಗಿಗೆ ಮೂರು ದಿನ ಹಿಡಿಯಿತು ಎಂದು ಯಾರೂ ಆ ಪತ್ರದಲ್ಲಿ ಬರೆದಿರಲಿಲ್ಲ, ಅಷ್ಟೆ. ಯಾರೂ ಕೇಳಿರಲಿಲ್ಲ.

ಮೇಲ್ಮನವಿ ಹಾಕಿದಳು. ವಿಚಾರಣೆಗೆ ದಿನ ಗೊತ್ತಾಯಿತು. “ಅಪ್ಪ, ಈ ಸಲ ಏನೂ ಬಾಯಿಪಾಠ ಬೇಡ. ಒಂದೇ ಮಾತು. ಅಂಗಿಗೆ ಎಷ್ಟು ಹೊತ್ತು ಬೇಕಾಯ್ತು ಅಂತ ಕೇಳ್ತಾರೆ. ಮೂರು ದಿನ ಅನ್ನು. ಸುಳ್ಳಲ್ಲ, ನಿಜ ತಾನೇ ಹೇಳೋದು?”

“ಆಯ್ತು.”

“ಎಲ್ಲಿ, ಒಂದ್ಸಲ ಹೇಳು.”

“ಆಯ್ತು ಅಂದ್ನಲ್ಲ ಮಾರಾಯ್ತಿ” ಎಂದು ಅಪ್ಪ ಗೋಡೆಯ ಕಡೆ ತಿರುಗಿದ.

ವಿಚಾರಣೆಯ ಬೆಳಿಗ್ಗೆ ಅವಳು ಅದೇ ಬಿಳಿ ಅಂಗಿಯನ್ನು ಮುದ್ದೆ ಮಾಡಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತು ತಿಂಡಿ ತಿಂದಳು. ಎದ್ದು ಅಂಗಿ ಕೊಟ್ಟಾಗ ಅಪ್ಪ ಅದನ್ನೂ ನೋಡಿದ, ಅವಳನ್ನೂ ನೋಡಿದ. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಪುಟ್ಟಿ” ಎಂದಷ್ಟೇ ಹೇಳಿ ತೊಟ್ಟುಕೊಂಡ. ಬಸ್ಸಿನಲ್ಲಿ ಪೂರ್ತಿ ದಾರಿ ಅವನ ಅಂಗೈ ಎದೆಯ ಮೇಲಿನ ಸುಕ್ಕನ್ನು ಸವರುತ್ತಲೇ ಇತ್ತು.

ಉದ್ದ ಮೇಜಿನ ಆಚೆ ಮೂವರಿದ್ದರು. ನಡುವೆ ಅಧ್ಯಕ್ಷೆ, ಎಡಕ್ಕೊಬ್ಬ ವಯಸ್ಸಾದ ಡಾಕ್ಟರು, ಬಲಕ್ಕೆ ಬರೆದುಕೊಳ್ಳುವ ಗುಮಾಸ್ತೆ. ಅಧ್ಯಕ್ಷೆ ಒಳ್ಳೆಯ ಹೆಂಗಸು; ಅದನ್ನು ಹೇಳಲೇಬೇಕು. ಅಪ್ಪನಿಗೆ ನೀರು ತರಿಸಿದಳು, ಉಸಿರು ಹತೋಟಿಗೆ ಬರುವವರೆಗೆ ಕಾದಳು. “ಜೊತೆಗೆ ಬಂದವರು ಕೂತಿರಬಹುದು, ಉತ್ತರ ಮಾತ್ರ ಅರ್ಜಿದಾರರೇ ಹೇಳಬೇಕು” ಎಂದು ಮಗಳಿಗೆ ಮೆತ್ತಗೆ ತಿಳಿಸಿದಳು. ಆಮೇಲೆ ತಾನೇ ಪುಸ್ತಿಕೆಯ ಮೂವತ್ತೊಂದನೆಯ ಪುಟ ತೆಗೆದಳು.

“ನೋಡಿ, ನೀವು ಅಂಗಿ ಇಸ್ತ್ರಿ ಮಾಡಿದ್ರಿ ಅಂತ ಪರೀಕ್ಷೆಯ ವರದಿಯಲ್ಲಿ ಬರೆದಿದ್ದಾರೆ. ಎಷ್ಟು ಹೊತ್ತು ಹಿಡೀತು ಅಂತ ಬರೆದಿಲ್ಲ. ಅದು ನಮಗೆ ಮುಖ್ಯ. ನಿಧಾನವಾಗಿ ಯೋಚನೆ ಮಾಡಿ ಹೇಳಿ.”

ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬಾ ಎಂದು ಕೈಹಿಡಿದು ಕರೆದ ಹಾಗಿತ್ತು. ಅಪ್ಪ ಬಾಯಿ ತೆರೆದ, ಮುಚ್ಚಿದ.

ಡಾಕ್ಟರಿಗೆ ಪಾಪ ಅನ್ನಿಸಿರಬೇಕು. ಹಗುರ ಮಾಡೋಣ ಎಂದು, “ಸಂಕೋಚ ಬೇಡಿ. ನನಗೇ ಒಂದು ಅಂಗಿಗೆ ಅರ್ಧ ಗಂಟೆ ಬೇಕು, ಆದ್ರೂ ಸೊಟ್ಟಗೇ ಇರುತ್ತೆ” ಎಂದು ನಕ್ಕರು.

ಅಪ್ಪ ತಲೆ ಎತ್ತಿದ. ಡಾಕ್ಟರ ಕಾಲರನ್ನು ನೋಡಿದ. ಸಾವಿರಾರು ಕಾಲರುಗಳನ್ನು ನೋಡಿದ ಕಣ್ಣು ಅದು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ನಾಲ್ಕು ನಿಮಿಷ” ಎಂದ.

“ಅಪ್ಪಾ!” ಮಗಳು ಎದ್ದು ನಿಂತಳು. “ಇಲ್ಲ ಮೇಡಂ, ಸುಳ್ಳು, ಮೂರು ದಿನ...”

“ದಯವಿಟ್ಟು ಕೂತ್ಕೊಳ್ಳಿ” ಎಂದಳು ಅಧ್ಯಕ್ಷೆ. ಮತ್ತೆ ಅಪ್ಪನತ್ತ ತಿರುಗಿ, “ನಿಮ್ಮ ಮಗಳು ಮೂರು ದಿನ ಅಂತಿದ್ದಾರೆ. ಹೌದಾ?”

“ಅವಳಿಗೇನು ಗೊತ್ತು, ಅವಳು ಕನ್ನಡಕದ ಅಂಗಡಿಯವಳು” ಎಂದ ಅಪ್ಪ. “ನೀವು ಕಾಲರನ್ನ ನಡುವಿನಿಂದ ತುದಿಗೆ ಎಳೀತೀರಿ ಡಾಕ್ಟ್ರೇ, ಅದಕ್ಕೇ ಸೊಟ್ಟ. ತುದಿಯಿಂದ ನಡುವಿಗೆ ಬರಬೇಕು.” ಇಷ್ಟು ಹೇಳುವುದಕ್ಕೆ ಅವನು ನಾಲ್ಕು ಸಲ ಉಸಿರು ತೆಗೆದುಕೊಂಡ. ಗುಮಾಸ್ತೆ ಉಸಿರನ್ನು ಬರೆದುಕೊಳ್ಳಲಿಲ್ಲ, ಮಾತನ್ನು ಬರೆದುಕೊಂಡಳು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. “ಯಾಕಪ್ಪ?” ಎಂದಳು ಮಗಳು, ಅಷ್ಟೇ.

“ಹೇಳ್ಬೇಕು ಅಂತಾನೇ ಇದ್ದೆ” ಎಂದ ಅಪ್ಪ. “ಎಷ್ಟು ಜನ ಹುಡುಗರನ್ನ ಆಮೆ ಅಂತ ಓಡಿಸಿದೀನಿ ಗೊತ್ತಾ ಆ ಹಜಾರದಿಂದ? ಮೂರು ದಿನ ಅನ್ನೋಕೆ ಬಾಯೇ ಬರ್ಲಿಲ್ಲ ಮಗಳೇ.” ಅವನು ಅಳುತ್ತಿದ್ದ. ಅಳುವುದಕ್ಕೂ ಉಸಿರು ಬೇಕು, ಬೇಗ ನಿಲ್ಲಿಸಿದ.

ಹತ್ತು ದಿನಕ್ಕೆ ಎರಡು ಪತ್ರ ಬಂದವು. ಒಂದರಲ್ಲಿ ಮೇಲ್ಮನವಿ ವಜಾ, ಒಂದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಇನ್ನೊಂದರಲ್ಲಿ ಕೆಲಸದ ಆದೇಶ: ಸೋಮವಾರ ಬೆಳಿಗ್ಗೆ ಏಳಕ್ಕೆ, ಅದೇ ಲಾಂಡ್ರಿ, ಹಬೆ ಇಸ್ತ್ರಿ ವಿಭಾಗ. ಉಡುಪು ಅಚ್ಚುಕಟ್ಟಾಗಿರತಕ್ಕದ್ದು. ಡಾಕ್ಟರ ಚೀಟಿ ಹಿಡಿದು ಅವಳು ಕಚೇರಿಯ ನಾಲ್ಕು ಕಿಟಕಿಗಳನ್ನು ಸುತ್ತಿದಳು. ನಾಲ್ಕನೆಯ ಕಿಟಕಿಯವನು ಮೊದಲನೆಯದಕ್ಕೆ ಹೋಗಿ ಎಂದ.

“ಹೋಗ್ಬೇಡಪ್ಪ. ಬಾಡಿಗೆಗೆ ಏನಾದ್ರೂ ಮಾಡ್ತೀನಿ” ಎಂದಳು.

“ಈ ಯಂತ್ರಕ್ಕೆ?” ಎಂದು ಅವನು ಮೂಲೆಯತ್ತ ಕೈ ತೋರಿಸಿದ.

ಶುಕ್ರವಾರ ಬೆಳಿಗ್ಗೆಯೇ ಅಪ್ಪ ಮೇಜಿನ ಮೇಲೆ ಬಿಳಿ ಅಂಗಿ ಹಾಸಿದ. ಆ ದಿನ ಕಾಲರ್ ಅರ್ಧವಷ್ಟೇ ಆಯಿತು. ಶನಿವಾರ ಉಳಿದರ್ಧ ಮತ್ತು ಭುಜ. ಭಾನುವಾರ ಬೆನ್ನು, ಎದೆ, ಒಂದು ತೋಳು. ಸಂಜೆ ಬೀದಿಯ ದೀಪ ಹೊತ್ತುವ ಹೊತ್ತಿಗೆ ಅವನು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಎತ್ತಲಾಗಲಿಲ್ಲ. ಇನ್ನೊಮ್ಮೆ ಹಾಕಿದ. ಆಮೇಲೆ ಕುರ್ಚಿಗೆ ಒರಗಿ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡ.

“ಪುಟ್ಟಿ, ಈ ತೋಳು ನೀನು ಮಾಡು.”

ಅವಳು ಕೈ ಒರೆಸಿಕೊಂಡು ಬಂದಳು. ಪೆಟ್ಟಿಗೆ ಅವಳು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಹಿಡಿಯ ಮರದಲ್ಲಿ ಅಪ್ಪನ ಬೆರಳುಗಳು ಕೂತು ಕೂತು ಆದ ಹಳ್ಳಗಳಿದ್ದವು. ಅವಳ ಬೆರಳು ಅವುಗಳಲ್ಲಿ ಸರಿಯಾಗಿ ಕೂರಲಿಲ್ಲ. ಕಾಲು ಗಂಟೆ ಎಳೆದಳು. ಕಣ್ಣು ಮಂಜಾಗಿ ಬಟ್ಟೆ ಜಾರಿತು, ತೋಳಿನ ಉದ್ದಕ್ಕೂ ಎರಡು ಗೆರೆ ಬಿದ್ದವು.

ಅವಳು ಅಂಗಿ ಎತ್ತಿ ಹಿಡಿದು, ಬೈಗುಳಕ್ಕೆ ಕಾದಳು. ಅಪ್ಪ ಆ ಎರಡು ಗೆರೆಗಳನ್ನು ನೋಡಿದ.

“ಚೆನ್ನಾಗಿದೆ” ಎಂದ.